ಕಾಸರವಳ್ಳಿಯವರ ಚಿತ್ರಕಥಾಮಾರ್ಗ

ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ದುರ್ವಾಸರ ಶಾಪವೂ ಇಲ್ಲ, ಮುದ್ರೆಯುಂಗುರವೂ ಇಲ್ಲ. ಅವೆರಡನ್ನೂ ತಂದವನು ಕಾಳಿದಾಸನು. ಕಥೆಯು ಪರರದಾದರೂ ಅದರ ನಡಿಗೆಯು ಕವಿಯದೆಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಬೋಧಿಸುತ್ತಿದ್ದರು. ಅನ್ಯರ ಕಥೆ ಕಾದಂಬರಿಗಳನ್ನೆತ್ತಿಕೊಂಡು ತಮ್ಮದೇ ಮಾರ್ಗದಲ್ಲಿ ನಡೆಯಿಸಿದ ಚಲಚ್ಚಿತ್ರ ನಿರ್ದೇಶಕರಾದ ಶ್ರೀ ಗಿರೀಶ ಕಾಸರವಳ್ಳಿಯವರನ್ನು ಕುರಿತು ಬರೆಯಹೊರಟಾಗ ಆ ಪಾಠವೇ ನೆನಪಿಗೆ ಬರುವುದು.

ಇವರು 1950ನೆಯ ಇಸವಿಯ ಡಿಸೆಂಬರ್ 3ರಂದು ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ ಜನಿಸಿದರು. ಮಣಿಪಾಲದಲ್ಲಿ ಔಷಧಶಾಸ್ತ್ರವನ್ನೋದಿ, ಆ ವೃತ್ತಿಯನ್ನು ತೊರೆದು, ಪುಣೆಯ ಚಲಚ್ಚಿತ್ರ ಶಿಕ್ಷಣಸಂಸ್ಥೆಯಿಂದ 1975ರಲ್ಲಿ ಸ್ವರ್ಣಪದಕದೊಡನೆ ಹೊರಬಂದರು. ಶ್ರೀ ಬಿ. ವಿ. ಕಾರಂತರ ‘ಚೋಮನ ದುಡಿ’ಗೆ ಸಹಾಯಕರಾಗಿದ್ದು, 1977ರಲ್ಲಿ ‘ಘಟಶ್ರಾದ್ಧ’ವನ್ನು ನಿರ್ದೇಶಿಸಿದರು. ಅದಕ್ಕೂ, ಮುಂದೆ ‘ತಬರನ ಕಥೆ’ (1986), ‘ತಾಯಿಸಾಹೇಬ’ (1997), ‘ದ್ವೀಪ’ (2002) ಇವುಗಳಿಗೂ ಸ್ವರ್ಣಕಮಲವು ದೊರೆಯಿತು. ಇವರ ಪತ್ನಿ ದಿವಂಗತ ವೈಶಾಲಿಯವರು (1952–2010) ಕಲಬುರಗಿಯಲ್ಲಿ ಹುಟ್ಟಿದವರೆಂಬುದನ್ನು ನಮ್ಮ ನಗರದ ಎಷ್ಟು ಮನೆಗಳು ಬಲ್ಲವೋ ಕಾಣೆ. ನಟಿಯಾಗಿಯೂ ‘ಮೂಡಲ ಮನೆ’ ಎಂಬ ಧಾರಾವಾಹಿಯ ನಿರ್ದೇಶಕಿಯಾಗಿಯೂ ಹೆಸರಾದ ಅವರು ‘ತಾಯಿಸಾಹೇಬ’ದ ವಸ್ತ್ರವಿನ್ಯಾಸಕ್ಕಾಗಿ ರಾಷ್ಟ್ರಪ್ರಶಸ್ತಿಯನ್ನು ಪಡೆದರು.

‘ಘಟಶ್ರಾದ್ಧ’ವನ್ನು ಮೊದಲು ನೋಡಿದಾಗ ನನಗೆ ಕೋಪ ಬಂದಿತು. ಶ್ರೀ ಯು. ಆರ್. ಅನಂತಮೂರ್ತಿಯವರ ಕಥೆಯದು. ಮಲೆನಾಡಿನ ವೇದಪಾಠಶಾಲೆಗೆ ಓದಲು ಬಂದ ನಾಣಿಯೆಂಬ ಬಾಲಕನು ಗುರುವಾದ ಉಡುಪರ ವಿಧವಾಪುತ್ರಿ ಯಮುನೆಯ ದುರ್ಗತಿಯನ್ನು ಕಾಣುವನು. ಅವಳು ಗರ್ಭಿಣಿಯಾಗಲು ಕಾರಣನಾದ ಶಾಲಾಮಾಸ್ತರನು ಊರು ಬಿಟ್ಟು ಹೋಗುವನು. ಇವಳಿಗೆ ಜೀವಂತವಾಗಿಯೇ ಶ್ರಾದ್ಧವಾಗುವುದು. ಪಾಠಶಾಲೆಯಲ್ಲಿ ಓದಿ ಮಾಸ್ತರನಾದ ನನಗೆ ಎರಡು ಕಡೆಯಿಂದಲೂ ಪೆಟ್ಟು ಬಿದ್ದಿತೆಂದರೆ ವಾಚಕರು ನಗಬಾರದು. ಮನೆಗೆ ಬಂದು ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವನ್ನು ತೆರೆದು ನೋಡಿದೆನು. ಪತಿತರ ಹೆಸರಿನಲ್ಲಿ ದಾಸಿಯು ತುಂಬಿದ ಕೊಡವನ್ನು ಕಾಲಿನಿಂದ ಉರುಳಿಸಬೇಕೆಂಬ ವಿಧಿಯು ಅಲ್ಲಿರುವುದು ನಿಜ. ಆದರೆ ಕೆಲವೇ ಶ್ಲೋಕಗಳ ಮುಂದೆ, ಪ್ರಾಯಶ್ಚಿತ್ತವಾದ ಬಳಿಕ ಬಂಧುಗಳು ಆ ವ್ಯಕ್ತಿಯೊಡನೆಯೇ ಸ್ನಾನಮಾಡಿ ಹೊಸ ಕೊಡವನ್ನು ನೀರಿಗೆ ಬಿಡಬೇಕೆಂದೂ ಇದೆ. ಅಗ್ರಹಾರದವರಿಗೆ ಮೊದಲನೆಯ ಕೊಡ ಮಾತ್ರ ನೆನಪಿದ್ದಿತು. ನಮ್ಮ ಪಾಠಶಾಲೆಯ ನೆರೆಯಲ್ಲಿಯೂ ಒಬ್ಬ ವಿಧವೆಯಿದ್ದಳು. ಆಕೆಯ ಮನೆಯ ನೀರನ್ನು ಮುಟ್ಟಬಾರದೆಂದು ಹಿರಿಯರು ಹೇಳಿದ್ದರು. ಏಕೆಂದು ನಾನು ಕೇಳಲಿಲ್ಲ. ನಾಣಿಯಾದರೋ ಕಡೆಯತನಕ ಆಕೆಯ ಬಳಿಯಿರಲು ಹಂಬಲಿಸಿದನು. ಆಮೇಲೆ ನನ್ನ ಕೋಪವು ಚಿತ್ರದ ಮೇಲೆ ಉಳಿಯಲಿಲ್ಲ.

ಕಥೆಯನ್ನು ಮಾರ್ಪಡಿಸುವಲ್ಲಿ ಇವರ ಧೈರ್ಯವು ‘ಗುಲಾಬಿ ಟಾಕೀಸ್’ (2008) ಚಿತ್ರದಲ್ಲಿ ಸ್ಪಷ್ಟವಾಗುವುದು. ಶ್ರೀಮತಿ ವೈದೇಹಿಯವರ ಕಥೆಯಲ್ಲಿ ಊರಿಗೆ ಬರುವುದು ಟಾಕೀಸು. ಚಿತ್ರದಲ್ಲಿ ಮುಸಲ್ಮಾನ ಸೂಲಗಿತ್ತಿ ಗುಲಾಬಿಯ ಮನೆಗೆ ದೂರದರ್ಶನದ ಪೆಟ್ಟಿಗೆ ಬರುವುದು. ಕಾರ್ಗಿಲ್ ಯುದ್ಧದ ಕಾಲದಲ್ಲಿ ಮೀನುಗಾರರ ಕೇರಿಯು ಒಡೆಯುವುದು. ಇದೂ ಕಾಳಿದಾಸನ ಉಂಗುರದಂಥದೇ.

ನಮ್ಮ ಸೀಮೆಗೆ ಸಮೀಪವಾದುದು ‘ಕನಸೆಂಬ ಕುದುರೆಯನೇರಿ’. ರಾಯಚೂರು ಸೀಮೆಯ ಶ್ರೀ ಅಮರೇಶ ನುಗಡೋಣಿಯವರ ‘ಸವಾರಿ’ ಇದರ ಮೂಲ. ಕುಣಿ ತೋಡುವ ಈರ್ಯನ ಕನಸಿನಲ್ಲಿ ಸಿದ್ಧನು ಕಾಣಿಸಿಕೊಂಡರೆ ಊರಿನಲ್ಲೊಂದು ಸಾವು ನಿಶ್ಚಯ. ಒಮ್ಮೆ ಕನಸು ಬಿದ್ದಿದೆ, ಸಾವಿನ ಸುದ್ದಿಯಿಲ್ಲ. ಗೌಡನು ಸತ್ತಿರುವನು, ಮನೆಯವರು ಸ್ವಾರ್ಥಕ್ಕಾಗಿ ಅದನ್ನು ಮುಚ್ಚಿಟ್ಟಿರುವರು. ಒಂದೇ ಸಂಗತಿಯನ್ನು ಈರ್ಯನ ಕಡೆಯಿಂದೊಮ್ಮೆ, ಗೌಡನ ಮನೆಯ ಕಡೆಯಿಂದೊಮ್ಮೆ ಹೇಳಿರುವುದರಿಂದ, ಬಡವನ ಕನಸು ಸತ್ಯವೆಂದೂ ದೊಡ್ಡವರ ಮಾತು ಸುಳ್ಳೆಂದೂ ಪ್ರೇಕ್ಷಕನು ಮಾತ್ರ ಅರಿಯುವನು. ಪಾಪ, ಈರ್ಯನು ತನ್ನ ಕನಸನ್ನೇ ಸಂಶಯಿಸುವನು. ಈ ಚಿತ್ರಕಥೆಗಾಗಿ ಕಾಸರವಳ್ಳಿಯವರಿಗೂ ಶ್ರೀ ಗೋಪಾಲಕೃಷ್ಣ ಪೈಗಳಿಗೂ 2009ನೆಯ ವರ್ಷದ ರಾಷ್ಟ್ರಪ್ರಶಸ್ತಿಯು ಸಂದಿತು.

ಈರ್ಯನಾಗಿ ನಟಿಸಿದ ಶ್ರೀ ವೈಜನಾಥ ಬಿರಾದಾರರು ಬೀದರ ಜಿಲ್ಲೆಯವರು. ಕಮಲಾಪುರದಿಂದ ಹುಮನಾಬಾದಿನ ಹಾದಿ ಹಿಡಿದರೆ ಅವರ ಸೀಮೆಯೇ. ಬಹುಕಾಲ ಅವರಿಗೆ ದೊರೆತುದು ಹಾಸ್ಯದ ಸಣ್ಣ ಪಾತ್ರಗಳು. ನಮ್ಮ ಕಡೆಯ ಮಾತನ್ನು ಚಿತ್ರದವರು ನಗಿಸುವುದಕ್ಕಲ್ಲದೆ ಬೇರೊಂದಕ್ಕೆ ಬಳಸಿದ್ದು ಅಪರೂಪವೆಂದು ಇಲ್ಲಿ ಹೇಳದಿರಲಾರೆ. ಈ ಚಿತ್ರದ ಅಭಿನಯಕ್ಕಾಗಿ 2011ರಲ್ಲಿ ಮ್ಯಾಡ್ರಿಡ್ ನಗರದ ಉತ್ಸವದಲ್ಲಿ ಅವರಿಗೆ ಶ್ರೇಷ್ಠನಟ ಪ್ರಶಸ್ತಿ ಬಂದಿತು.

ಕಮಲಾಪುರದಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ ಈ ಚಿತ್ರವನ್ನು ನೋಡಿದೆವು. ಕೆಂಬಾಳೆಯ ತೋಟದಲ್ಲಿ ಕೂಲಿಮಾಡುವ ಮುದುಕನೊಬ್ಬನು ಬಾಗಿಲಲ್ಲಿ ಕುಳಿತಿದ್ದನು. ಚಿತ್ರ ಮುಗಿದ ಮೇಲೆ ನಾವೆಲ್ಲರೂ ಸ್ವಪ್ನ, ಸತ್ಯ ಎಂದು ಚರ್ಚಿಸುತ್ತಿರಲು ಅವನು ನನ್ನ ಕಡೆ ತಿರುಗಿ, “ಹೆಣದ ಸುದ್ದಿ ಮುಚ್ಚಿಟ್ರ ಕುಣಿ ತೋಡಾಂವ ಏನ್ ತಿನ್ನಬೇಕ್ರಿ, ಮಾಸ್ತರ್ರೆ?” ಎಂದನು.