ನಮ್ಮ ಕಡೆ ಹಲ್ಲು ತಿಕ್ಕಿದ ಇತಿಹಾಸ

ನಾನು ಕಲಿತದ್ದು ಏಳನೇ ಇಯತ್ತೆ, ಅದೂ ಜತ್ತ ತಾಲೂಕಿನ ಕನ್ನಡ ಸಾಲಿಯೊಳಗ. ಮಾಡೋದು ಒಕ್ಕಲತನ, ಹಾಡೋದು ಡೊಳ್ಳಿನ ಪದ. ವಾಚನಾಲಯದವರು ಇತಿಹಾಸದ ಮೇಲೆ ಒಂದು ಲೇಖನ ಬರಿ ಅಂದರು. ಡಫಳೆ ಸಂಸ್ಥಾನದ ಇತಿಹಾಸ ಬರೆಯಾಕ ಮಾಸ್ತರರು ಇದ್ದಾರ. ನಾನು ನನ್ನ ಬಾಯಿಯೊಳಗಿನ ಇತಿಹಾಸ ಬರೆಯುತ್ತೇನೆ.

ಮೂರು ವರ್ಷದ ಹಿಂದೆ ಒಂದು ಜಾತ್ರೆಯಲ್ಲಿ ಹಾಡಾಕ ನಿಂತಿದ್ದೆ. ಅಷ್ಟೊತ್ತಿಗೆ ನನ್ನ ಮುಂದಿನ ಎರಡು ಹಲ್ಲು ಬಿದ್ದಿದ್ದವು. ‘ಸ’ ಅಂದರೆ ಸುಯ್ ಅಂತ ಗಾಳಿ ಹೋಗುತ್ತಿತ್ತು, ‘ತ’ ಅಂದರೆ ಅಕ್ಷರ ನಿಲ್ಲುತ್ತಿರಲಿಲ್ಲ. ಮುಂದೆ ಕುಂತ ಸಣ್ಣ ಹುಡುಗರು ಕಿಸಕ್ಕನೆ ನಕ್ಕರು. ಹಿಮ್ಮೇಳದ ಹುಡುಗ ನನ್ನ ಸಾಲು ಎತ್ತಿಕೊಂಡು ಮರ್ಯಾದೆ ಉಳಿಸಿದ. ನಲವತ್ತು ವರ್ಷ ಹಾಡಿದ ಬಾಯಿ ಅದು. ಆ ರಾತ್ರಿ ನಿದ್ದಿ ಹತ್ತಲಿಲ್ಲ. ವಯಸ್ಸಾತು, ಹಲ್ಲು ಬೀಳೋದೇ ಅಂತ ಎಲ್ಲರೂ ಸಮಾಧಾನ ಹೇಳಿದರು. ಆದರೆ ನಮ್ಮ ಮುತ್ಯಾ ಎಂಬತ್ತು ದಾಟಿದ ಮೇಲೂ ಕಡಕ್ ಜ್ವಾಳದ ರೊಟ್ಟಿ ಕಟಕಟ ಅಂತ ಅಗಿಯುತ್ತಿದ್ದ. ಹಂಗಾದರ ಇದು ಬರೀ ವಯಸ್ಸಿನ ಮಾತಲ್ಲ.

ಮುತ್ಯಾ ಹೊಲಕ್ಕ ಹೋಗುವಾಗ ಬೇವಿನ ಕಡ್ಡಿ ಮುರಿಯುತ್ತಿದ್ದ. ಬೇವು ಸಿಗದಿದ್ದರೆ ಜಾಲಿ, ಇಲ್ಲವೆ ಉತ್ತರಾಣಿ. ತುದಿ ಅಗಿದು ಕುಂಚ ಮಾಡಿ ಬದುವು ಮುಟ್ಟೋತನಕ ತಿಕ್ಕುತ್ತಿದ್ದ. ಇದು ನಮ್ಮ ಊರಿನದಷ್ಟೇ ರೂಢಿ ಅಂತ ತಿಳಿದಿದ್ದೆ. ಮಾಸ್ತರರು ಬೇರೆ ಹೇಳಿದರು: ಚರಕ ಸಂಹಿತೆಯಲ್ಲಿ ಕಹಿ, ಒಗರು, ಖಾರದ ಕಡ್ಡಿಯಿಂದ ದಿನಕ್ಕೆ ಎರಡು ಸಲ ಹಲ್ಲು ತಿಕ್ಕಬೇಕು, ಒಸಡಿಗೆ ನೋವಾಗಬಾರದು ಅಂತ ಬರೆದಿದೆಯಂತೆ. 7ನೇ ಶತಮಾನದಲ್ಲಿ ಚೀನಾದಿಂದ ಬಂದ ಇತ್ಸಿಂಗ್ ಎಂಬ ಬೌದ್ಧ ಸನ್ಯಾಸಿ, ಇಲ್ಲಿಯ ಸನ್ಯಾಸಿಗಳು ಹನ್ನೆರಡು ಬೆರಳು ಉದ್ದದ ಕಡ್ಡಿಯಿಂದ ದಿನಾ ಹಲ್ಲು ತಿಕ್ಕುವುದನ್ನು ನೋಡಿ ಬರೆದಿಟ್ಟಿದ್ದಾನೆ.

ಹಂಗಾದರ ನಮ್ಮ ಹಲ್ಲು ಯಾಕ ಕೆಟ್ಟವು? ಅದಕ್ಕ ಉತ್ತರ ನಮ್ಮ ಪಕ್ಕದ ಬಿಜಾಪುರದಲ್ಲಿದೆ. ತಂಬಾಕನ್ನು ಈ ದೇಶಕ್ಕೆ ತಂದವರು ಪೋರ್ಚುಗೀಜರು. 1604ರ ಸುಮಾರಿಗೆ ಅಕ್ಬರ ಬಾದಶಹನ ವಕೀಲ ಅಸದ್ ಬೇಗ್ ಬಿಜಾಪುರದ ಆದಿಲಶಾಹಿ ದರಬಾರಕ್ಕೆ ಬಂದಾಗ ಇಲ್ಲಿ ತಂಬಾಕು ಕಂಡ. ಹಿಂದುಸ್ತಾನದೊಳಗ ಇಂಥದ್ದು ನೋಡಿರಲಿಲ್ಲ ಅಂತ ಆಗ್ರಾಕ್ಕ ಒಯ್ದು ಬಾದಶಹನ ಮುಂದಿಟ್ಟ. ಅಲ್ಲಿಯ ಹಕೀಮರು ಬೇಡ ಅಂದರೂ ಚಟ ಹಬ್ಬಿತು. 1617ರಲ್ಲಿ ಜಹಾಂಗೀರ ಬಂದ್ ಮಾಡಿ ಹುಕುಂ ಹೊರಡಿಸಿದ, ಅದೂ ನಡೀಲಿಲ್ಲ. ಬಾದಶಹನ ಮಾತು ಕೇಳದ ಚಟ ನಮ್ಮ ಮಾತು ಎಲ್ಲಿ ಕೇಳೀತು!

ಗಂಡಸರು ತಂಬಾಕಿಗೆ ಸುಣ್ಣ ಹಚ್ಚಿ ದವಡೆಗೆ ಇಟ್ಟರು. ನಾನೂ ಇಟ್ಟೆ, ಹಾಡಿಗೆ ಹುರುಪು ಬರತದ ಅಂತ. ಹೆಣ್ಣುಮಕ್ಕಳಿಗೆ ಮಶೇರಿ ಬಂತು. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಡಬ್ಬಿ ತುಂಬಿ, ಬೆರಳಿಲೆ ಒಸಡಿಗೆ ತಿಕ್ಕೋದು. ಹಲ್ಲು ಶುದ್ಧ ಆಗತಾವ ಅಂತ ಸುರುವಾಗಿ, ಆಮೇಲೆ ಮಶೇರಿ ಹಚ್ಚದಿದ್ದರೆ ತಲಿ ನೋಯುವ ಹಂತಕ್ಕೆ ಬರತದ. ನಮ್ಮವ್ವ ದಿನಕ್ಕೆ ನಾಲ್ಕು ಸಲ ಹಚ್ಚುತ್ತಿದ್ದಳು. ಐವತ್ತಕ್ಕೆ ಒಂದೂ ಹಲ್ಲು ಉಳಿದಿರಲಿಲ್ಲ. ಮುತ್ಯಾ ಮುರಿದು ಅಗಿದ ರೊಟ್ಟಿಯನ್ನು ಆಕಿ ಸಾರಿನಲ್ಲಿ ನೆನೆಸಿ ನುಂಗುತ್ತಿದ್ದಳು.

ಇನ್ನು ಅಂಗಡಿ ಸಾಮಾನು. ಕೋಲ್ಗೇಟ್ ಕಂಪನಿ ಹಿಂದುಸ್ತಾನಕ್ಕ ಬಂದದ್ದು 1937ರಲ್ಲಿ. ನೈಲಾನ್ ಎಳಿಯ ಬ್ರಶ್ ಅಮೇರಿಕಾದಲ್ಲಿ 1938ರಲ್ಲಿ ಹುಟ್ಟಿತು. ನಮ್ಮ ಮನಿಗೆ ಬ್ರಶ್ ಬಂದದ್ದು ನನ್ನ ಮಗ ಸಾಲಿಗೆ ಹೋದ ಮೇಲೆ. ಅಲ್ಲಿತನಕ ಕುಳ್ಳಿನ ಬೂದಿ, ಇದ್ದಲಿ, ಇಟ್ಟಂಗಿ ಪುಡಿ. ಒರಟು ಪುಡಿ ತಿಕ್ಕಿ ತಿಕ್ಕಿ ಹಲ್ಲಿನ ಮೇಲಿನ ಹೊಳಪು ಸವೆದು ತಣ್ಣೀರು ಕುಡಿದರೂ ಜುಂ ಅನ್ನುತ್ತಿತ್ತು.

ಹಲ್ಲಿನ ಡಾಕ್ಟರ್ ನನಗೆ ತಿಳಿಸಿದ್ದು ಇಷ್ಟು. ಹಲ್ಲಿನ ಬುಡಕ್ಕೆ ಅಂಟಿದ ಜಿಗುಟು ದಿನಾ ತೆಗೆಯದಿದ್ದರೆ ಗಟ್ಟಿಯಾಗಿ ಕಲ್ಲಾಗತದ. ಕಲ್ಲಾದ ಮೇಲೆ ಬ್ರಶ್‌ಗೆ ಬರಂಗಿಲ್ಲ, ಡಾಕ್ಟರೇ ತೆಗೀಬೇಕು. ಅದರಿಂದ ಒಸಡು ಬಾತು, ರಕ್ತ ಬಂದು, ಕೆಳಗೆ ಸರಿದು, ಎಲುಬು ಕರಗಿ ಹಲ್ಲು ಅಳ್ಳಾಡತದ. ಮಣ್ಣು ಕೊಚ್ಚಿ ಹೋದರೆ ಗಿಡ ಬೀಳುವ ಹಂಗ. ನೋವು ಇರಂಗಿಲ್ಲ ಅಂತ ನಾವು ಸುಮ್ಮನಿರತೀವಿ. ಸಕ್ಕರಿ ಜಡ್ಡು ಇದ್ದವರಿಗೆ ಇದು ಇನ್ನೂ ಜೋರು. ಮುಂಜಾನೆ, ರಾತ್ರಿ ಮೆತ್ತನ ಬ್ರಶ್‌ನಿಂದ ತಿಕ್ಕಬೇಕು. ರಕ್ತ ಬಂತಂದರೆ ಬಿಡಬಾರದು, ತೋರಿಸಬೇಕು.

ನಾನು ತಂಬಾಕು ಬಿಟ್ಟೆ. ಕಟ್ಟಿಸಿದ ಹಲ್ಲು ಹಾಕಿಕೊಂಡು ‘ಸ’ ಮತ್ತ ಕಲಿತೆ, ಹುಡುಗ ಕಲಿತಂಗ.

1992ರಲ್ಲಿ ಕೇಂದ್ರ ಸರಕಾರ ಹಲ್ಲಪುಡಿ, ಪೇಸ್ಟಿನೊಳಗ ತಂಬಾಕು ಹಾಕಬಾರದು ಅಂತ ಕಾಯ್ದೆ ಮಾಡಿತು. 2012ರಲ್ಲಿ ಮಹಾರಾಷ್ಟ್ರ ಗುಟಕಾ ಬಂದ್ ಮಾಡಿತು. ಆದರೆ ಮಶೇರಿ ತಯಾರಾಗೋದು ನಮ್ಮ ಒಲಿ ಮೇಲೆ. ಹೋದ ತಿಂಗಳು ನನ್ನ ಮೊಮ್ಮಗಳು ಅಜ್ಜಿಯ ಡಬ್ಬಿಯೊಳಗ ಬೆರಳು ಅದ್ದಿದ್ದನ್ನು ನೋಡಿದೆ. ಅಂದಿನಿಂದ ಡಬ್ಬಿ ಜಂತಿ ಮೇಲಿದೆ. ನನ್ನ ಹೆಂಡತಿ ಇನ್ನೂ ಪೂರ್ತಿ ಬಿಟ್ಟಿಲ್ಲ, ಆದರೆ ಮೊಮ್ಮಗಳ ಮುಂದೆ ಹಚ್ಚಂಗಿಲ್ಲ. ಓದಿದ ತಾಯಂದಿರು, ಮಾಸ್ತರರು, ನಿಮ್ಮ ಮನಿಯ ಡಬ್ಬಿ ಎಲ್ಲಿದೆ ಅಂತ ಇವತ್ತೇ ನೋಡಿರಿ.