ಕೆರೆಯ ಕೋಡಿ: ಆಕಾರ ಬದಲಾದರೆ ನೀರಿನ ಲೆಕ್ಕವೂ ಬದಲು

ಕಲಘಟಗಿಯ ಮಲೆನಾಡ ಸೆರಗಿನ ಕೆರೆಗಳಿರಲಿ, ಕುಂದಗೋಳ, ನವಲಗುಂದ, ಅಣ್ಣಿಗೇರಿಯ ಎರೆಭೂಮಿಯ ಕೆರೆಗಳಿರಲಿ, ಮಣ್ಣಿನ ಒಡ್ಡನ್ನು ಕಾಯುವುದು ಕೋಡಿ. ನೀರು ಒಡ್ಡಿನ ಮೇಲೇರಿ ಹರಿದರೆ ಮಣ್ಣು ಕೊಚ್ಚಿಹೋಗಿ ಕೆರೆ ಒಡೆಯುತ್ತದೆ. ಆದ್ದರಿಂದ ಹೆಚ್ಚುವರಿ ನೀರನ್ನು ಕೋಡಿ ಎಷ್ಟು ವೇಗವಾಗಿ ಹೊರಹಾಕಬಲ್ಲದು ಎಂಬುದು ಕೆಳಗಿನ ಹೊಲ, ಮನೆಗಳ ಸುರಕ್ಷತೆಯ ಪ್ರಶ್ನೆಯಾಗಿದೆ.

ಮೂರು ಅಂಶಗಳು

ಕೋಡಿಯ ಸಾಮರ್ಥ್ಯವನ್ನು ಅದರ ಉದ್ದ, ಅದರ ಮೇಲೆ ನಿಲ್ಲುವ ನೀರಿನ ಎತ್ತರ ಹಾಗೂ ನೆತ್ತಿಯ ಆಕಾರ ನಿರ್ಧರಿಸುತ್ತವೆ. ಉದ್ದ ಇಮ್ಮಡಿಯಾದರೆ ಹರಿವೂ ಇಮ್ಮಡಿಯಾಗುತ್ತದೆ. ಆದರೆ ನೀರಿನ ಎತ್ತರ ಇಮ್ಮಡಿಯಾದರೆ ಹರಿವು ಸುಮಾರು 2.8 ಪಟ್ಟು ಹೆಚ್ಚುತ್ತದೆ. ಏಕೆಂದರೆ ಹರಿವಿನ ದಪ್ಪದೊಂದಿಗೆ ಅದರ ವೇಗವೂ ಏರುತ್ತದೆ.

ಉದಾಹರಣೆಗೆ, 20 ಮೀಟರ್ ಉದ್ದದ, ಅಗಲವಾದ ಚಪ್ಪಟೆ ನೆತ್ತಿಯ ಕೋಡಿಯ ಮೇಲೆ ಅರ್ಧ ಮೀಟರ್ ನೀರಿದ್ದಾಗ ಸುಮಾರು 425 ಕ್ಯೂಸೆಕ್ ಹರಿಯುತ್ತದೆ. ಒಂದು ಮೀಟರ್ ನೀರಿದ್ದಾಗ ಸುಮಾರು 1,200 ಕ್ಯೂಸೆಕ್. (ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್.)

ಅದೇ ಕೋಡಿಯ ನೆತ್ತಿಯನ್ನು ದೊಡ್ಡ ಅಣೆಕಟ್ಟುಗಳಲ್ಲಿರುವಂತೆ ಧುಮುಕುವ ನೀರಿನ ಬಾಗಿಗೆ ಹೊಂದುವ ಹಾಗೆ ರೂಪಿಸಿದರೆ, ಒಂದು ಮೀಟರ್ ನೀರಿಗೆ ಸುಮಾರು 1,550 ಕ್ಯೂಸೆಕ್ ಹರಿಯಬಲ್ಲದು. ಜಾಗ ಕಿರಿದಾಗಿದ್ದಲ್ಲಿ ಗೋಡೆಯನ್ನು ಅಂಕುಡೊಂಕಾಗಿ ಕಟ್ಟಿ ಉದ್ದ ಹೆಚ್ಚಿಸುವ ವಿಧಾನವೂ ಇದೆ. ಆದರೆ ನೀರಿನ ಎತ್ತರ ಏರಿದಂತೆ ಮೂಲೆಗಳಲ್ಲಿ ಧಾರೆಗಳು ಪರಸ್ಪರ ಡಿಕ್ಕಿ ಹೊಡೆಯುವುದರಿಂದ ಇದರ ಲಾಭ ಕುಗ್ಗುತ್ತದೆ.

ಮರಳು ಚೀಲದ ಅಪಾಯ

ಹೆಚ್ಚು ನೀರು ನಿಲ್ಲಲಿ ಎಂದು ಕೋಡಿಗೆ ಮರಳು ಚೀಲ ಇಲ್ಲವೇ ಹಲಗೆ ಇಟ್ಟರೆ ಆಗುವ ನಷ್ಟವನ್ನು ಇದೇ ಲೆಕ್ಕ ತೋರಿಸುತ್ತದೆ. ಮೇಲಿನ ಚಪ್ಪಟೆ ಕೋಡಿಯನ್ನು 30 ಸೆಂಟಿಮೀಟರ್ ಎತ್ತರಿಸಿದರೆ, ಒಡ್ಡಿನ ಎತ್ತರ ಮೊದಲಿನಷ್ಟೇ ಇರುವುದರಿಂದ ನೀರಿಗೆ ಉಳಿಯುವುದು 70 ಸೆಂಟಿಮೀಟರ್ ಮಾತ್ರ. ಆಗ ಸಾಮರ್ಥ್ಯ 1,200ರಿಂದ ಸುಮಾರು 700 ಕ್ಯೂಸೆಕ್‌ಗೆ ಇಳಿಯುತ್ತದೆ. ಅಂದರೆ ಶೇ 41ರಷ್ಟು ನಷ್ಟ. ಹೂಳು, ಮುಳ್ಳುಕಂಟಿ ಅಥವಾ ಒತ್ತುವರಿಯಿಂದ ಐದು ಮೀಟರ್ ಮುಚ್ಚಿಹೋದರೆ ಕಾಲು ಭಾಗ ಹೋದಂತೆ.

ಕೋಡಿಯನ್ನು ಅಷ್ಟು ಎತ್ತರಿಸಲೇಬೇಕಿದ್ದರೆ, ಮೊದಲಿನ ಸಾಮರ್ಥ್ಯ ಉಳಿಯಲು ಅದರ ಉದ್ದವನ್ನು 20ರಿಂದ ಸುಮಾರು 34 ಮೀಟರ್‌ಗೆ ಹೆಚ್ಚಿಸಬೇಕಾಗುತ್ತದೆ. ಮಳೆಗಾಲಕ್ಕೆ ಮುನ್ನ ಕೋಡಿಯನ್ನೂ ಅದರ ಕೆಳಗಿನ ಹಳ್ಳವನ್ನೂ ತೆರವುಗೊಳಿಸುವುದು ಇದಕ್ಕಿಂತ ಅಗ್ಗದ ಕೆಲಸ.