ನೆತ್ತಿ ಕೂಡುವ ತನಕ

ನನ್ನ ಮೊದಲ ಬಾಣಂತನ 1978ರಲ್ಲಿ, ಧಾರವಾಡದ ಮಾಳಮಡ್ಡಿಯ ತವರುಮನೆಯಲ್ಲಿ. ನಮ್ಮವ್ವನ ಕಾಲಕ್ಕೆ ಹೆರಿಗೆ ಮಾಡಿಸುವಾಕೆಯೂ ಕೂಸಿಗೆ ಎರೆಯುವಾಕೆಯೂ ಒಬ್ಬಳೇ ಸೂಲಗಿತ್ತಿ. 1957ರಲ್ಲಿ ಹುಬ್ಬಳ್ಳಿಗೆ ಮೆಡಿಕಲ್ ಕಾಲೇಜು ಬಂತು, ಊರಲ್ಲಿ ದವಾಖಾನೆಗಳು ಹೆಚ್ಚಿದವು. ನನ್ನ ಸರದಿ ಬರುವ ಹೊತ್ತಿಗೆ ಹೆರಿಗೆ ಅವಳ ಕೈ ತಪ್ಪಿ, ಬಚ್ಚಲಷ್ಟೇ ಉಳಿದಿತ್ತು.

ಎರೆಯುವ ಆಯಿ ಕಮಲಾಪುರದಿಂದ ನಡೆದು ಬರುತ್ತಿದ್ದಳು. ತಾಮ್ರದ ಹಂಡೆಯಲ್ಲಿ ನೀರು ಕಾದಿರುತ್ತಿತ್ತು. ಮಣೆಯ ಮೇಲೆ ಕೂತು, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಹೊಂದಿಸಿಕೊಂಡು ಕೈಕಾಲು, ಬೆನ್ನು ಎಲ್ಲ ಗಸಗಸ ತಿಕ್ಕುವಾಕೆ ನೆತ್ತಿಗೆ ಬಂದ ಕೂಡಲೇ ಬೇರೆ ಹೆಂಗಸಾಗುತ್ತಿದ್ದಳು. ಎರಡು ಬೆರಳಿನಿಂದ ಹರಳೆಣ್ಣೆ ಇಟ್ಟು, ಮೇಲೆ ಅಂಗೈ ಮುಚ್ಚಿ ಸುಮ್ಮನಿರುವಳು.

"ಒತ್ತಬಾರದ್ರಿ ಅಕ್ಕಾರ, ಒಳಗ ಜೀವ ಮಿಡೀತದ. ನೆತ್ತಿ ಕೂಡೂತನಕ ಎಣ್ಣಿ ತಪ್ಪಸಬ್ಯಾಡ್ರಿ."

ಬುರುಡೆಯ ಎಲುಬು ಇನ್ನೂ ಕೂಡದ ಆ ಮೆತ್ತನೆಯ ಜಾಗದಲ್ಲಿ ಮಿಡಿಯುವುದು ರಕ್ತದ ನಾಡಿ. ಹಿಂಭಾಗದ ಸಣ್ಣ ನೆತ್ತಿ ಎರಡು ಮೂರು ತಿಂಗಳಿಗೇ ಮುಚ್ಚುತ್ತದೆ, ಮುಂದಿನದು ಸಾಮಾನ್ಯವಾಗಿ ಒಂದು, ಒಂದೂವರೆ ವರ್ಷಕ್ಕೆ. ಹುಟ್ಟಿದ ಕೂಸಿನ ನೆತ್ತಿಗೆ ಎಣ್ಣೆಯಲ್ಲಿ ನೆನೆಸಿದ ಅರಳೆ ಇಡಬೇಕೆಂದು ಚರಕ ಸಂಹಿತೆಯೂ ಹೇಳುತ್ತದೆ. ಆಯಿ ಅದನ್ನು ಓದಿದವಳಲ್ಲ, ಅವಳಿಗೆ ಅದು ಅವಳ ಅತ್ತೆಯಿಂದ ಬಂದದ್ದು. ಅವಳ ವಿದ್ಯೆಯೆಲ್ಲ ಒಳ್ಳೆಯದೇ ಅಂತಲೂ ಅನ್ನಲಾರೆ. ತಲೆ ಗುಂಡಗಾಗಲೆಂದು ಎರಡೂ ಕಡೆ ಅದುಮುತ್ತಿದ್ದಳು, ಮೂಗಿಗೆ ಎಣ್ಣೆಯ ಹನಿ ಬಿಡುತ್ತಿದ್ದಳು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಗತಿಯೇನು ಎಂದು ಮಕ್ಕಳ ಡಾಕ್ಟರು ಬೈದ ಮೇಲೆ ನಾನೇ ಅದನ್ನು ನಿಲ್ಲಿಸಿದೆ. ಆಯಿ ನಾಲ್ಕು ದಿನ ಮುಖ ಉಬ್ಬಿಸಿಕೊಂಡಿದ್ದಳು. ಮೂರು ತಿಂಗಳು ತುಂಬಿದಾಗ ಸೀರೆ, ಖಣ, ಅಕ್ಕಿ ಕೊಟ್ಟು ಕಳಿಸಿದೆವು.

ಆ ಕೂಸು ಬೆಳೆದು, ಅಮೆರಿಕಕ್ಕೆ ಹೋಗಿ, ಕುತ್ತಿಗೆ ನೋವು ತಂದುಕೊಂಡು ಒಂದು ದಿನ ಫೋನ್ ಮಾಡಿದಳು. ಕ್ರೇನಿಯೋಸೇಕ್ರಲ್ ಥೆರಪಿ ತಗೋತಾ ಇದ್ದಾಳಂತೆ. "ಅರಿವಿ ಉಟ್ಕೊಂಡೇ ಮಲಗೂದು ಅವ್ವಾ. ಅವರು ಬರೇ ತಲಿ ಹಿಡ್ಕೊಂಡು ಕೂಡ್ತಾರ, ಒಂದ್ ತಾಸು."

"ಅದಕ್ಕ ರೊಕ್ಕ ಕೊಡ್ತೀಯೇನ?"

ಕೇಳಿ ಸುಮ್ಮನಾಗಲಿಲ್ಲ, ಆ ಹೆಸರಿನ ಬೆನ್ನು ಹತ್ತಿದೆ. ಮೂಲಪುರುಷ ವಿಲಿಯಂ ಗಾರ್ನರ್ ಸದರ್ಲೆಂಡ್. ಅಮೆರಿಕದ ಮಿಸ್ಸೂರಿಯ ಕರ್ಕ್ಸ್‌ವಿಲ್‌ನಲ್ಲಿ, ಎಲುಬು-ಸ್ನಾಯುಗಳನ್ನು ಕೈಯಿಂದಲೇ ಸರಿಪಡಿಸುವ ಆಸ್ಟಿಯೋಪಥಿ ಕಲಿಯುವಾಗ, 19ನೇ ಶತಮಾನದ ಕೊನೆಗೆ, ಬಿಡಿಬಿಡಿಯಾಗಿಸಿದ ತಲೆಬುರುಡೆಯೊಂದನ್ನು ಕಂಡ. ಕಿವಿಯ ಬಳಿಯ ಎಲುಬಿನ ಓರೆ ಅಂಚು ಅವನಿಗೆ ಮೀನಿನ ಕಿವಿರಿನಂತೆ ತೋರಿತು, ಇದೂ ಉಸಿರಾಡುತ್ತಿರಬೇಕು ಅನ್ನಿಸಿತು. ತನ್ನ ತಲೆಗೇ ಪಟ್ಟಿ ಬಿಗಿದು ಪರೀಕ್ಷಿಸಿಕೊಂಡ ಆಸಾಮಿ. ಈ ವಿಚಾರದ ಅವನ ಪುಸ್ತಕ ಬಂದದ್ದು 1939ರಲ್ಲಿ. 1970ರ ದಶಕದಲ್ಲಿ ಜಾನ್ ಅಪ್ಲೆಡ್ಜರ್ ಎಂಬ ಇನ್ನೊಬ್ಬ ಆಸ್ಟಿಯೋಪಥಿ ವೈದ್ಯ, ಕುತ್ತಿಗೆಯ ಆಪರೇಷನ್ನಿನಲ್ಲಿ ಬೆನ್ನುಹುರಿಯ ಪೊರೆ ಲಯವಾಗಿ ಅಲುಗುವುದನ್ನು ಕಂಡೆನೆಂದು ಹೇಳಿ, ಬುರುಡೆಯಿಂದ ಸೊಂಟದ ಕೆಳಗಿನ ತ್ರಿಕಾಸ್ಥಿಯವರೆಗೆ ಒಂದೇ ವ್ಯವಸ್ಥೆ ಎಂದು ಬೋಧಿಸಿದ. ಈಗಿನ ಹೆಸರು ಅವನದೇ. ಮುಟ್ಟಿಗೆ ಅವನಿಟ್ಟ ಅಳತೆ ಐದು ಗ್ರಾಂ, ಅಂದರೆ ಒಂದು ಚಮಚ ನೀರಿನ ಭಾರ.

ಆ ಲಯದ ಮಾತನ್ನು ನಾನು ನಂಬುವುದಿಲ್ಲ. ಒಂದೇ ತಲೆಯನ್ನು ಇಬ್ಬರು ಥೆರಪಿಸ್ಟರು ಮುಟ್ಟಿ ಎಣಿಸಿದರೆ ಎರಡು ಬೇರೆ ಲೆಕ್ಕ ಬರುವುದು ಪರೀಕ್ಷೆಗಳಲ್ಲಿ ಕಂಡಿದೆ. ಕೂಡಿಹೋದ ಬುರುಡೆ ಐದು ಗ್ರಾಮಿಗೆ ಸರಿಯುವುದೂ ಇಲ್ಲ. ಆದರೆ ಯಾರೋ ಅವಸರವಿಲ್ಲದೆ ತಲೆ ಹಿಡಿದು ಕೂತರೆ ಜೀವ ಹಗುರಾಗುತ್ತದೆ ಅಂದರೆ ಅದಕ್ಕೆ ಇಲ್ಲವೆನ್ನಲಾರೆ. ಬಾಣಂತಿಕೋಣೆಯಲ್ಲಿ ಅದನ್ನು ಕಣ್ಣಾರೆ ಕಂಡಿದ್ದೇನೆ, ಎರೆದ ಕೂಸು ಮೂರು ತಾಸು ಮಿಸುಕದೆ ಮಲಗುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಮಗಳು ಬಂದಿದ್ದಳು. ಚಾಪೆಯ ಮೇಲೆ ಮಲಗಿ, ಅಲ್ಲಿಯವರು ಹಿಡಿಯುವ ಹಾಗೆ ತಲೆ ಹಿಡಿ ಎಂದಳು. ಹತ್ತಿರ ಕೂತೆ. ಕೈ ತಾನೇ ಎಣ್ಣೆಯ ಬಟ್ಟಲು ಎಳೆದುಕೊಂಡಿತು.

"ಅವ್ವಾ, ಅದರಾಗ ಎಣ್ಣಿ ಹಚ್ಚೂದಿಲ್ಲ!"

"ಸುಮ್ನ ಬೀಳ," ಅಂದೆ.